ಬಾಲ್ಯದ ನೆನಪು ನಿಜವಲ್ಲದಿದ್ದರೂ ಚಿಕಿತ್ಸೆಗೆ ಉಪಯುಕ್ತವೇ?

ಪ್ರಶ್ನೆ:
ಆಪ್ತಸಮಾಲೋಚಕರು ನನಗೆ ನೆನಪಿರುವ ಅತಿ ಹಳೆಯ ಘಟನೆಯನ್ನು ಹೇಳುವಂತೆ ಕೇಳಿದರು. ಜಾತ್ರೆಯ ಗದ್ದಲದಲ್ಲಿ ಅಪ್ಪನ ಕೈ ತಪ್ಪಿ, ಬಳೆ ಅಂಗಡಿಯ ಮುಂದೆ ಅಳದೆ ನಿಂತಿದ್ದನ್ನು ಹೇಳಿದೆ. ಅಮ್ಮನನ್ನು ವಿಚಾರಿಸಿದರೆ ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಾರೆ. ಇಂಥ ನೆನಪನ್ನು ನಂಬಿ ಚಿಕಿತ್ಸೆ ನಡೆಸುವುದು ಸರಿಯೇ?

ಉತ್ತರ 1 (ಮನಶ್ಶಾಸ್ತ್ರ ಅಧ್ಯಾಪಕಿ):
ಇದು ವಿಯೆನ್ನಾದ ವೈದ್ಯ ಆಲ್ಫ್ರೆಡ್ ಆ್ಯಡ್ಲರ್ ರೂಪಿಸಿದ ವಿಧಾನವಿರಬೇಕು. 1911ರಲ್ಲಿ, ಮನೋವಿಶ್ಲೇಷಣೆಯನ್ನು ಆರಂಭಿಸಿದ ಸಿಗ್ಮಂಡ್ ಫ್ರಾಯ್ಡ್ ಅವರ ಬಳಗದಿಂದ ಹೊರಬಂದ ಅವರು, ಬಾಲ್ಯದ ಅಸಂಖ್ಯ ಘಟನೆಗಳಲ್ಲಿ ಕೆಲವನ್ನಷ್ಟೇ ನಾವು ಉಳಿಸಿಕೊಳ್ಳುವುದು ಆಕಸ್ಮಿಕವಲ್ಲ, ಬದುಕನ್ನು ಇಂದು ನೋಡುವ ಬಗೆಗೆ ಹೊಂದುವುದನ್ನೇ ಮನಸ್ಸು ಆರಿಸಿಕೊಳ್ಳುತ್ತದೆ ಎಂದು ಪ್ರತಿಪಾದಿಸಿದರು. ಶಾಲೆಯ ದಾರಿಯಲ್ಲಿದ್ದ ಸ್ಮಶಾನದ ಭಯವನ್ನು ಗೆಲ್ಲಲು ಅದನ್ನು ಮತ್ತೆ ಮತ್ತೆ ಓಡಿ ದಾಟಿದ್ದು ಸ್ವತಃ ಅವರ ನೆನಪಾಗಿತ್ತು; ದೊಡ್ಡವರಾದ ಮೇಲೆ ಸಹಪಾಠಿಯನ್ನು ವಿಚಾರಿಸಿದಾಗ ಆ ದಾರಿಯಲ್ಲಿ ಸ್ಮಶಾನವೇ ಇರಲಿಲ್ಲವೆಂದು ತಿಳಿಯಿತು. ಆದರೂ ಭಯವನ್ನು ಗೆಲ್ಲಬೇಕೆಂಬ ಅವರ ಹಂಬಲ ಸುಳ್ಳಾಗಲಿಲ್ಲ.

"ಪ್ರತಿ ವರ್ಷ ಜಾತ್ರೆಗೆ ಹೋಗುತ್ತಿದ್ದೆವು" ಎಂಬಂಥ ಮಾತು ಈ ವಿಧಾನಕ್ಕೆ ಸಾಲದು. ಒಂದೇ ಒಂದು ಘಟನೆ, ಅದರಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಕ್ಷಣ, ಆಗಿನ ಭಾವ ಇವು ಬೇಕು. ನಿಮ್ಮ ನೆನಪಿನಲ್ಲಿ ಕೈ ತಪ್ಪಿದ್ದಕ್ಕಿಂತ, ಅಳದೆ ನಿಂತದ್ದು ನನ್ನ ಗಮನ ಸೆಳೆಯಿತು. ಆದರೆ ಒಂದೇ ನೆನಪಿನಿಂದ ತೀರ್ಮಾನಕ್ಕೆ ಬರಬಾರದು. ಬೇರೆ ನೆನಪುಗಳಲ್ಲಿಯೂ ಅದೇ ಎಳೆ ಕಾಣಬೇಕು, ಅದರ ಅರ್ಥ ನಿಮಗೂ ಒಪ್ಪಿಗೆಯಾಗಬೇಕು.

ಉತ್ತರ 2 (ಮನೋವೈದ್ಯ):
ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸುತ್ತೇನೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಸಹವರ್ತಿಯೊಬ್ಬರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ನಿಜ ಘಟನೆಗಳೊಡನೆ ಸೇರಿಸಿ ಹೇಳಿದಾಗ, 24 ಜನರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ನೆನಪಿಸಿಕೊಂಡರು. ಆದ್ದರಿಂದ "ನಿಮಗೆ ಆಗ ಏನೋ ಆಗಿರಲೇಬೇಕು" ಎಂದು ಚಿಕಿತ್ಸಕರು ಒತ್ತಾಯಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹಾಗೆಂದು, ದೌರ್ಜನ್ಯವನ್ನು ಅನುಭವಿಸಿದವರ ಮಾತನ್ನು ತಳ್ಳಿಹಾಕಲು ಈ ಅಧ್ಯಯನವನ್ನು ನೆಪ ಮಾಡಿಕೊಳ್ಳುವುದೂ ಅನ್ಯಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಮ್ಮ ಹೇಳಿದ್ದನ್ನು ಸಮಾಲೋಚಕರಿಗೆ ತಿಳಿಸಲೇ?

ಉತ್ತರ 1:
ಅವಶ್ಯವಾಗಿ ತಿಳಿಸಿ, ಆ ಮಾತು ಕೇಳಿದಾಗ ನಿಮಗೆ ಏನನ್ನಿಸಿತು ಎಂಬುದನ್ನೂ ಹೇಳಿ. ಕೆಲವು ತಿಂಗಳ ನಂತರ ಅವರು ಇದೇ ಪ್ರಶ್ನೆಯನ್ನು ಮತ್ತೆ ಕೇಳಬಹುದು. ಚಿಕಿತ್ಸೆ ಫಲಿಸುತ್ತಾ ಬಂದಂತೆ ಕೆಲವರಿಗೆ ಬೇರೆಯದೇ ನೆನಪು ಮೊದಲು ಬರುತ್ತದೆ, ಇನ್ನು ಕೆಲವರಿಗೆ ಹಳೆಯ ನೆನಪಿನಲ್ಲಿಯೇ ಅದುವರೆಗೆ ಗಮನಿಸದ ಒಬ್ಬ ವ್ಯಕ್ತಿ ಕಾಣಿಸುತ್ತಾನೆ.