ಹಾಟ್ ಟಬ್ಬಿನ ನೀರಲ್ಲಿ ಬಿಳಿ ಬೂಷ್ಟು, ಮೂರು ಸಲ ನೀರು ಬದಲಿಸಿದರೂ ಹೋಗ್ತಾ ಇಲ್ಲ

ಕಾಪು_ಹೋಂಸ್ಟೇ
ಕಾಪುವಿನಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಉಂಟು. ಹಿತ್ತಿಲಲ್ಲಿ ನಾಲ್ಕು ಜನ ಕೂರುವ ಹಾಟ್ ಟಬ್, 1000 ಲೀಟರಿನದ್ದು. ಮಗ ಹಟ ಮಾಡಿ ತರಿಸಿದ್ದು. ಅವನೀಗ ದುಬೈಯಲ್ಲಿ, ಟಬ್ಬು ನನ್ನ ತಲೆ ಮೇಲೆ. ಮಳೆಗಾಲದಲ್ಲಿ ಗಿರಾಕಿ ಇಲ್ಲ ಅಂತ ಜೂನಿನಲ್ಲಿ ಕರೆಂಟು ತೆಗೆದು ಮುಚ್ಚಳ ಹಾಕಿ ಬಿಟ್ಟೆ. ಒಳಗೆ ಅರ್ಧ ನೀರು ಹಾಗೇ ಇತ್ತು, ತಪ್ಪು ನನ್ನದೇ.

ಚೌತಿ ಕಳೆದು ಮುಚ್ಚಳ ತೆಗೆದರೆ ನೆನೆದ ಗೋಣಿಯ ವಾಸನೆ. ನೀರ ಮೇಲೆ ಹಾಲಿನ ಕೆನೆ ಹರಿದು ಹಾಕಿದ ಹಾಗೆ ಬಿಳಿ ಬಿಳಿ ಚೂರು. ಹಿಡಿಯಲು ಹೋದರೆ ಲೋಳೆ, ಬೆರಳಿಂದ ಜಾರ್ತದೆ. ಎಲ್ಲ ಬಿಟ್ಟು, ತಿಕ್ಕಿ ತೊಳೆದು, ಬಾವಿ ನೀರು ತುಂಬಿಸಿದೆ. ಕನ್ನಡಿ ಹಾಗಿತ್ತು. ನೀರು ಚಿಮ್ಮಿಸುವ ಜೆಟ್ ಒತ್ತಿದ್ದೇ ತಡ, ಪುನಃ ಅದೇ ಚೂರುಗಳು! ಮೂರು ಸಲ ಹೀಗೇ ಆಯ್ತು. ಕೊನೆಗೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಎರಡು ಮುಷ್ಟಿ ಹಾಕಿದ್ದಕ್ಕೆ ನೀರು ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿತು. ದಸರಾಕ್ಕೆ ಬುಕ್ಕಿಂಗ್ ಉಂಟು. ಎಂತ ಮಾಡುವುದು?

ಬ್ರಹ್ಮಾವರದವ
ಹಂಡೆಗೆ ಮಡಲು, ತೆಂಗಿನ ಸಿಪ್ಪೆ ಹಾಕಿ ಬೆಂಕಿ ಮಾಡಿದ ನೀರಿಗೆ ಬೂಷ್ಟು ಹಿಡಿದದ್ದು ಯಾರಾದ್ರೂ ನೋಡಿದ್ದುಂಟಾ? ತಮಾಷೆಗೆ ಹೇಳಿದ್ದು ಅಕ್ಕಾ, ಬೇಜಾರು ಮಾಡ್ಬೇಡಿ.

ಪೂಲ್_ಕೆಲಸ_ಸುರತ್ಕಲ್
ಅಕ್ಕಾ, ಬೂಷ್ಟು ಇರುವುದು ನೀರಲ್ಲಿ ಅಲ್ಲ, ಪೈಪಿನೊಳಗೆ. ನೀವು ತಿಕ್ಕಿದ್ದು ಕಣ್ಣಿಗೆ ಕಾಣುವ ಟಬ್ಬು ಮಾತ್ರ. ಜೆಟ್ಟಿಗೆ ಹೋಗುವ ಪೈಪಿನ ಒಳಗೋಡೆಗೆ ಲೋಳೆ ಪದರ ಕಟ್ಟಿರ್ತದೆ, ಎಷ್ಟು ನೀರು ಬದಲಿಸಿದರೂ ಅದು ಅಲ್ಲೇ. ಪಂಪಿನ ರಭಸಕ್ಕೆ ಕಿತ್ತು ಬರುವ ಚೂರೇ ನಿಮಗೆ ಕಂಡದ್ದು. ಗರಗರ ಅಂದಿದ್ರೆ ಸುಣ್ಣ ಅನ್ನಬಹುದಿತ್ತು, ಲೋಳೆ ಅಂತ ನೀವೇ ಹೇಳಿದ್ದೀರಿ.

ಹಾಗಾಗಿ ಈ ಸಲ ನೀರು ಹೊರಗೆ ಬಿಡುವ ಮೊದಲೇ ಮದ್ದು ಹಾಕಿ. ಫಿಲ್ಟರ್ ಕಾರ್ಟ್ರಿಜ್ ಹೊರಗೆ ತೆಗೆದಿಡಿ. ಕ್ಲೋರಿನ್ 20 ಪಿಪಿಎಂಗೆ (ಅಂದ್ರೆ ಲೀಟರಿಗೆ 20 ಮಿಲಿಗ್ರಾಂ) ಏರಬೇಕು. 60 ಶೇಕಡಾ ಕ್ಲೋರಿನ್ ಇರುವ ಡೈಕ್ಲೋರ್ ಪುಡಿ ಆದರೆ 1000 ಲೀಟರಿಗೆ ಸುಮಾರು 35 ಗ್ರಾಂ, ಬಕೆಟ್ ನೀರಲ್ಲಿ ಕರಗಿಸಿ ಹಾಕಿ. ಮುಚ್ಚಳ ತೆರೆದು ಎಲ್ಲ ಜೆಟ್ಟೂ, ಗಾಳಿಯ ಬ್ಲೋವರೂ ಒಂದು ಗಂಟೆ ಓಡಲಿ, ಆಮೇಲೆ ಬಂದ್ ಮಾಡಿ ರಾತ್ರಿಯಿಡೀ ಬಿಡಿ. ನಡುವೆ ಪರೀಕ್ಷೆ ಪಟ್ಟಿ ಅದ್ದಿ ನೋಡಿ, ಕೊಳೆ ಕ್ಲೋರಿನ್ನನ್ನು ತಿಂದುಬಿಡ್ತದೆ, ಇಳಿದಿದ್ರೆ ಮತ್ತೆ ಹಾಕಬೇಕು. ಬೆಳಿಗ್ಗೆ ನೀರು ಬಿಟ್ಟು, ತಿಕ್ಕಿ, ಹೊಸ ಕಾರ್ಟ್ರಿಜ್. ಹೊಸ ನೀರಲ್ಲಿ ಇದನ್ನೇ ಇನ್ನೊಂದು ಸಲ. ಎರಡನೇ ಸಲ ತಪ್ಪಿಸಿದವರೇ ನನಗೆ ಮತ್ತೆ ಫೋನ್ ಮಾಡುವುದು. ಕ್ಲೋರಿನ್ ಜೊತೆ ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಯಾವ ಕಾರಣಕ್ಕೂ ಸೇರಿಸ್ಬೇಡಿ, ವಿಷಗಾಳಿ ಏಳ್ತದೆ. ಬಿಟ್ಟ ನೀರು ಮಲ್ಲಿಗೆ ಗಿಡದ ಬುಡಕ್ಕೂ ಬಾವಿಕಟ್ಟೆಯ ಹತ್ತಿರಕ್ಕೂ ಹೋಗದ ಹಾಗೆ ನೋಡಿಕೊಳ್ಳಿ.

ಚಾದ ಬಣ್ಣ ಬೂಷ್ಟಿನದ್ದಲ್ಲ. ನಮ್ಮ ಕೆಂಪುಕಲ್ಲಿನ ಬಾವಿ ನೀರಲ್ಲಿ ಕಬ್ಬಿಣದ ಅಂಶ ಇರ್ತದೆ, ಕ್ಲೋರಿನ್ ತಾಗಿದ ಕೂಡಲೇ ತುಕ್ಕಾಗಿ ಎದ್ದು ಕಾಣ್ತದೆ. ನಲ್ಲಿ ನೀರು ಸಿಕ್ಕಿದರೆ ಅದನ್ನೇ ತುಂಬಿಸಿ. ಬ್ಲೀಚಿಂಗ್ ಪೌಡರ್ ಬಾವಿಗೇ ಇರಲಿ. ಅದರ ಸುಣ್ಣ ಫಿಲ್ಟರಿಗೂ ಹೀಟರಿಗೂ ಕೂರ್ತದೆ.

ಇನ್ನು ಮುಂದೆ ಜನ ಇಳಿಯುವಾಗೆಲ್ಲ ಕ್ಲೋರಿನ್ 3 ಪಿಪಿಎಂಗಿಂತ ಕಮ್ಮಿ ಇರಬಾರದು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8ರೊಳಗೆ. ಬಿಸಿಗೂ ಗುಳ್ಳೆಗೂ ಕ್ಲೋರಿನ್ ಬೇಗ ಹಾರಿಹೋಗ್ತದೆ, ಈಜುಕೊಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಚ್ಚಳದ ಒಳಮೈಯನ್ನೂ ಒರೆಸಿ ಬಿಸಿಲಿಗೆ ಹಾಕಿ. ಎತ್ತುವಾಗ ಹೊಸತಕ್ಕಿಂತ ಭಾರ ಅನ್ನಿಸಿದರೆ ಒಳಗಿನ ಫೋಮ್ ನೀರು ಕುಡಿದಿದೆ ಅಂತಲೇ ಅರ್ಥ. ಮುಂದಿನ ಜೂನಿಗೆ ಪೂರ್ತಿ ಖಾಲಿ ಮಾಡಿ, ಪೈಪಿನ ನೀರನ್ನೂ ವ್ಯಾಕ್ಯೂಮಿನಲ್ಲಿ ಎಳೆಸಿ, ಮುಚ್ಚಳಕ್ಕೆ ಮರದ ತುಂಡು ಕೊಟ್ಟು ಗಾಳಿಯಾಡಲು ಬಿಡಿ.

ಮಣಿಪಾಲ_ಲ್ಯಾಬ್
ಈ ಶುಚಿ ಮಾಡುವ ಕೆಲಸ ಮುಗಿಯುವವರೆಗೆ ಯಾರನ್ನೂ ಟಬ್ಬಿಗೆ ಇಳಿಸ್ಬೇಡಿ. ಬೂಷ್ಟಿಗಿಂತ ಅದರ ಜೊತೆ ಲೋಳೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ್ದೇ ಹೆದರಿಕೆ. ಸ್ಯೂಡೊಮೊನಾಸಿನಿಂದ ಮೈಮೇಲೆ, ಅದರಲ್ಲೂ ಈಜುಡುಗೆ ಅಂಟಿಕೊಂಡಿದ್ದ ಜಾಗದಲ್ಲಿ ತುರಿಕೆಯ ಗುಳ್ಳೆ ಏಳ್ತದೆ. ಲೆಜಿಯೊನೆಲ್ಲಾ ಇದ್ದರೆ ಜೆಟ್ಟಿನ ಹಬೆ ಉಸಿರಾಡಿದ್ದರಿಂದಲೇ ನ್ಯುಮೋನಿಯಾ ಬರಬಹುದು. ವಯಸ್ಸಾದವರಿಗೆ ಅಪಾಯ ಜಾಸ್ತಿ.

ಕಾಪು_ಹೋಂಸ್ಟೇ
ಮಾಡಿ ಆಯ್ತು ಮಾರಾಯ್ರೆ. ಮೊದಲ ಅರ್ಧ ಗಂಟೆಯಲ್ಲಿ ಜೆಟ್ಟಿನಿಂದ ಬಂದದ್ದನ್ನು ಚಾ ಸೋಸುವ ಜಾಲರಿಯಲ್ಲಿ ಹಿಡಿದೆ, ಒಂದು ಲೋಟ ತುಂಬಿತು. ನಮ್ಮೆಜಮಾನ್ರು ನೋಡಿದವರು ಆ ಜಾಲರಿಯನ್ನು ಅಡಿಗೆಮನೆಗೆ ತರಲು ಬಿಡಲಿಲ್ಲ. ಎರಡನೇ ಸಲಕ್ಕೆ ನಾಲ್ಕೈದೇ ಚೂರು. ನಿನ್ನೆ ಒಂದು ಗಂಟೆ ಜೆಟ್ ಓಡಿಸಿದೆ, ಏನೂ ಬರಲಿಲ್ಲ. ಮುಚ್ಚಳ ಎತ್ತಲು ಇಬ್ಬರು ಬೇಕಾಯ್ತು, ಹೊಸದಕ್ಕೆ ಹೇಳಿದ್ದೇನೆ. ಮಲ್ಲಿಗೆಯ ವಿಷಯ ಕೆಲಸದವನಿಗೆ ಹೇಳಲು ಮರೆತುಹೋಗಿತ್ತು, ಎರಡು ಬುಡದ ಎಲೆ ಹಳದಿಯಾಗಿದೆ.