ಎರಡು ವರ್ಷದಿಂದ ಬೆಂಚಿನಲ್ಲೇ ಇದ್ದಾನೆ ಮಗ. ಹಾಕಿ ಆಟ ಬಿಡಿಸಲೇ? ಅನುಭವ ಇದ್ದವರು ಹೇಳಿ

ಗೋಣಿಕೊಪ್ಪದ ಅಪ್ಪ:
ಮಗನಿಗೆ 16. ಕ್ರೀಡಾ ಹಾಸ್ಟೆಲ್‌ನಲ್ಲಿದ್ದಾನೆ, ಲೆಫ್ಟ್ ಹಾಫ್ (ಮಧ್ಯದ ಸಾಲಿನಲ್ಲಿ ಎಡಬದಿಯ ಆಟಗಾರ). ಎರಡು ವರ್ಷದಲ್ಲಿ ಆಡಿಸಿದ್ದು ನಾಲ್ಕೇ ಮ್ಯಾಚು, ಅದೂ ಕೊನೆಯ ಕ್ವಾರ್ಟರ್‌ನಲ್ಲಿ. ಕೇಳಿದರೆ ಕೋಚ್ 'ಮನಸ್ಸು ಗಟ್ಟಿ ಇಲ್ಲ' ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿದಿದೆ. ವಾಪಸ್ ಕರೆಸಿ ಪಿಯುಸಿಗೆ ಸೇರಿಸಲೇ, ಇನ್ನೊಂದು ವರ್ಷ ನೋಡಲೇ?

ಪೊನ್ನಂಪೇಟೆ ಫುಲ್‌ಬ್ಯಾಕ್:
ಬಿಡಿಸಬೇಡಿ. ನನ್ನ ಕತೆ ಕೇಳಿ. 2011ರಲ್ಲಿ ಪೆನಾಲ್ಟಿ ಕಾರ್ನರ್‌ಗೆ ಫಸ್ಟ್ ರಶರ್ ಆಗಿ, ಅಂದರೆ ಹೊಡೆತ ತಡೆಯಲು ಗೋಲಿನಿಂದ ಎಲ್ಲರಿಗಿಂತ ಮೊದಲು ನುಗ್ಗುವವನಾಗಿ, ಓಡಿದ್ದೆ. ಎಡ ಮೊಣಕಾಲು ತಿರುಚಿತು. ಎಸಿಎಲ್ (ಮೊಣಕಾಲಿನೊಳಗಿನ ಮುಖ್ಯ ಅಸ್ಥಿರಜ್ಜು) ಪೂರ್ತಿ ಹರಿದಿತ್ತು. ಮೈಸೂರಿನಲ್ಲಿ ಆಪರೇಷನ್, 1,42,000 ರೂಪಾಯಿ. ಅಪ್ಪ ಆ ವರ್ಷದ ಕರಿಮೆಣಸನ್ನು ಬಳ್ಳಿಯಲ್ಲಿರುವಾಗಲೇ ಕೊಟ್ಟುಬಿಟ್ಟರು. ಫಿಸಿಯೋ ಒಂದು ಸಲಕ್ಕೆ 350, ವಾರಕ್ಕೆ ಮೂರು ಸಲ, ಐದು ತಿಂಗಳು. ಅದೇ 22 ಸಾವಿರದ ಹತ್ತಿರ ಆಯಿತು. ಮೊಣಕಾಲಿನ ಬ್ರೇಸ್ 4,800. ಮೊದಲು ತಂದದ್ದು ಸೈಜ್ ದೊಡ್ಡದಾಯಿತು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಇನ್ನೊಂದು ತಂದೆವು. ಬಸ್ ಚಾರ್ಜು ಬೇರೆ.

ಹತ್ತು ತಿಂಗಳಾದ ಮೇಲೆ ಟರ್ಫ್‌ಗೆ (ಕೃತಕ ಹುಲ್ಲಿನ ಮೈದಾನಕ್ಕೆ) ಇಳಿದೆ. ಯಾರಾದರೂ ಟ್ಯಾಕಲ್‌ಗೆ ಬಂದರೆ ಕಾಲು ತಾನಾಗಿಯೇ ಹಿಂದೆ ಹೋಗುತ್ತಿತ್ತು. ಕಾಲು ವಾಸಿಯಾಗಿತ್ತು, ಹೆದರಿಕೆ ಹೋಗಿರಲಿಲ್ಲ. ಅದು ಹೋಗಲು ಇನ್ನೊಂದು ಮಳೆಗಾಲ ಹಿಡಿಯಿತು. ದಿನಾ ಬೆಳಗ್ಗೆ ಐದೂವರೆಗೆ ಕಾಫಿ ಗೋದಾಮಿನ ಗೋಡೆಗೆ ಚೆಂಡು ಹೊಡೆದು 200 ಸಲ ಸ್ಟಿಕ್‌ನಲ್ಲಿ ತಡೆದು ಟ್ರ್ಯಾಪ್ ಮಾಡುತ್ತಿದ್ದೆ. ಕೊನೆಗೆ ಜಿಲ್ಲಾ ತಂಡಕ್ಕೆ ವಾಪಸ್ ಬಂದೆ. ರಾಜ್ಯ ತಂಡ ಸಿಗಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಭಾರತ ತಂಡಕ್ಕೆ ಆಡಿದ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನೋಡಿ. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಶಾ ಕಪ್ ನಡೆಯುವಾಗ ತಂದೆ ತೀರಿಕೊಂಡರು. ತಂಡದ ಜೊತೆ ಉಳಿದು ಆಡಿದರು. ಆ ಕಪ್ ಭಾರತ ಗೆದ್ದಿತು. ಮನಸ್ಸು ಗಟ್ಟಿ ಅಂದರೆ ಅದು.

ಕೀಪರ್ ಅಮ್ಮ, ವಿರಾಜಪೇಟೆ:
ಇದೇ ಮಾತನ್ನು ನನ್ನ ಮಗಳಿಗೂ ಹೇಳಿದ್ದರು. ಅವಳ ತಾತ ಹೋದಾಗ ಮೂರು ದಿನ ರಜೆ ಕೇಳಿದ್ದಕ್ಕೆ. ಅವಳಿಗೆ ಆಗ 15 ವರ್ಷ. ಸುನಿಲ್ ಅವರದ್ದು ಅವರೇ ಮಾಡಿದ ತೀರ್ಮಾನ, ಅದಕ್ಕೆ ಕೈ ಮುಗಿಯುತ್ತೇನೆ. ಅದನ್ನು ತಂದು ಮಕ್ಕಳ ತಲೆ ಮೇಲೆ ಹೇರಬೇಡಿ.

ಮಗಳು ಗೋಲ್‌ಕೀಪರ್ ಆಗಿದ್ದಳು. ನಾವು ಬಿಡಿಸಿದೆವು. ಪ್ಯಾಡು, ಕಿಕ್ಕರ್ (ಪಾದಕ್ಕೆ ಕಟ್ಟುವ ಗಾರ್ಡ್), ಗ್ಲೌಸ್, ಚೆಸ್ಟ್ ಗಾರ್ಡ್, ಹೆಲ್ಮೆಟ್ ಎಲ್ಲ ಸೇರಿ ಸೆಕೆಂಡ್ ಹ್ಯಾಂಡ್ ಕಿಟ್‌ಗೆ 31,500 ಕೊಟ್ಟಿದ್ದೆವು. ಚೀಟಿ ಹಣ ಅದು. ಒಂದೇ ವರ್ಷದಲ್ಲಿ ಹೆಲ್ಮೆಟ್ ಚಿಕ್ಕದಾಯಿತು. ಬಲಗಾಲಿನ ಕಿಕ್ಕರ್ ಪಟ್ಟಿ ಎರಡು ಸಲ ಹರಿಯಿತು, ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದೆವು. ಮಗಳು ಈಗ ಬಿ.ಕಾಂ. ಎರಡನೇ ವರ್ಷ. ಟಿವಿಯಲ್ಲಿ ಹಾಕಿ ಬಂದರೆ ಎದ್ದು ಹೋಗುತ್ತಾಳೆ. ಕಿಟ್ ಅಟ್ಟದ ಮೇಲಿದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಂದಾಗ ಇಳಿಸಿ ಒರೆಸಿಡುತ್ತೇನೆ.

ಪೊನ್ನಂಪೇಟೆ ಫುಲ್‌ಬ್ಯಾಕ್:
ಮೂರು ದಿನದ ರಜೆಗೆ ಯಾರೂ ಆಟ ಬಿಡಿಸುವುದಿಲ್ಲ. ನೀವು ಮೊದಲೇ ಬಿಡಿಸಬೇಕು ಅಂತ ಇದ್ದಿರಿ ಅನ್ನಿಸುತ್ತದೆ.

ಕೀಪರ್ ಅಮ್ಮ, ವಿರಾಜಪೇಟೆ:
ನಿಮಗೆ ನಮ್ಮ ಮನೆ ಗೊತ್ತಾ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುತ್ತಿದ್ದವಳು ನಿಮ್ಮ ಮಗಳಲ್ಲ. ನಿಮ್ಮ ಕಾಲಿನ ಖರ್ಚು ಬರೆದಿರಿ, ನಾನು ಏನಾದರೂ ಅಂದೆನಾ?

ನಾಪೋಕ್ಲು ಹಳಬ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ನನ್ನ ಪ್ರಕಾರ ಇದಕ್ಕೆಲ್ಲ ಟರ್ಫ್ ಕಾರಣ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲು ಹೋಗಿ ಟರ್ಫ್ ಬಂತು, ನಾವು ಏಳನೇ ಸ್ಥಾನಕ್ಕೆ ಇಳಿದೆವು. ಅದರ ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದೆವು, ನಮ್ಮ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಆಗ ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಆಡುತ್ತಿದ್ದೆವು, ಬೆಂಚು ಅಂತಲೇ ಇರಲಿಲ್ಲ. ಹುಡುಗನನ್ನು ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಕಪ್‌ನಲ್ಲಿ ಆಡಿಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ 60 ಕುಟುಂಬ. 2024ರಲ್ಲಿ ನಮ್ಮೂರಿನಲ್ಲಿ 360 ತಂಡ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಅಲ್ಲಿ ಯಾರೂ ಮನಸ್ಸು ಗಟ್ಟಿ ಇಲ್ಲ ಅನ್ನುವುದಿಲ್ಲ.

ಕುಶಾಲನಗರ ಪಿ.ಟಿ. ಮೇಷ್ಟ್ರು:
ಅದು ಕೊಡವ ಕುಟುಂಬಗಳ ಹಬ್ಬ. ಚೆನ್ನಾಗಿ ನಡೆಯಲಿ. ಆದರೆ ಕೇಳಿದವರು ಯಾವ ಮನೆಯವರು ಅಂತ ಹೇಳಿಯೇ ಇಲ್ಲವಲ್ಲ. ಸುನಿಲ್ ಅವರೂ ಕೊಡವರಲ್ಲ. ನನ್ನ ಶಾಲೆಯಲ್ಲಿ ಆಡುವವರಲ್ಲಿ ಅರ್ಧ ಮಕ್ಕಳು ತೋಟದ ಕೂಲಿಯವರ ಲೈನ್‌ಮನೆಯವರು. ಅವರು ಯಾವ ಒಕ್ಕದ (ಮನೆತನದ) ಹೆಸರಲ್ಲಿ ಆಡಬೇಕು?

ನಾನೂ ಬೆಂಚಿನಲ್ಲಿ ಕುಳಿತವನೇ, ಮೂರು ಸೀಸನ್. ಒಂದು ಮಾತು ಹೇಳುತ್ತೇನೆ. ಹಾಕಿಯಲ್ಲಿ ಸಬ್‌ಸ್ಟಿಟ್ಯೂಷನ್‌ಗೆ ಲೆಕ್ಕವೇ ಇಲ್ಲ. ಎಷ್ಟು ಸಲ ಬೇಕಾದರೂ ಒಳಗೆ ಕಳಿಸಬಹುದು, ಹೊರಗೆ ಕರೆಯಬಹುದು. ಹಾಗಿದ್ದೂ ಎರಡು ವರ್ಷದಲ್ಲಿ ನಾಲ್ಕು ಮ್ಯಾಚು ಅಂದರೆ ಹುಡುಗನ ಮನಸ್ಸಿನ ಮಾತು ಆಮೇಲೆ. ಅವನನ್ನು ಎಲ್ಲಿ ಆಡಿಸಬೇಕು ಅಂತ ಯಾರೂ ಯೋಚಿಸಿಯೇ ಇಲ್ಲ. ನನಗೂ 'ಆಟಿಟ್ಯೂಡ್ ಸರಿ ಇಲ್ಲ' ಅಂದಿದ್ದರು. ಏನು ಸರಿ ಇಲ್ಲ ಅಂತ ಕೇಳಿದಾಗ ಉತ್ತರ ಬರಲಿಲ್ಲ. ಆ ಮೂರು ವರ್ಷ ನನಗೆ ವಾಪಸ್ ಸಿಗಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ವಿರುದ್ಧದ ಕ್ವಾರ್ಟರ್‌ಫೈನಲ್ ನೆನಪಿದೆ ಅಲ್ವಾ? ನಮ್ಮ ಡಿಫೆಂಡರ್ ರೋಹಿದಾಸ್‌ಗೆ ರೆಡ್ ಕಾರ್ಡ್ ಕೊಟ್ಟು ಹೊರಗೆ ಕಳಿಸಿದರು. 40 ನಿಮಿಷಕ್ಕೂ ಜಾಸ್ತಿ ಹತ್ತೇ ಜನ ಆಡಿದರು. 1-1ಕ್ಕೆ ನಿಲ್ಲಿಸಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಒಬ್ಬನ ಜಾಗವನ್ನು ಉಳಿದವರೆಲ್ಲ ಹಂಚಿಕೊಂಡು ಓಡಿದ್ದಕ್ಕೆ ಅದು ಆಯಿತು. ನಂಬಿಕೆ ಇಟ್ಟು ಆಡಿಸಿದರೆ ತಾನೇ ಹುಡುಗನಿಗೂ ಅದು ಬರುವುದು.

ಪೊನ್ನಂಪೇಟೆ ಫುಲ್‌ಬ್ಯಾಕ್:
ಅವರೆಲ್ಲ ಅಲ್ಲಿಗೆ ಹೋದದ್ದು ಬಿಡದೆ ಇದ್ದದ್ದಕ್ಕೆ, ಮೇಷ್ಟ್ರೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾವು 12ನೇ ಸ್ಥಾನ, ಕಟ್ಟಕಡೆ. ಸುನಿಲ್, ನಮ್ಮ ಕೊಡಗಿನವರೇ ಆದ ರಘುನಾಥ್ ಇಬ್ಬರೂ ಆ ತಂಡದಲ್ಲಿದ್ದರು. ಎರಡೇ ವರ್ಷಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದರು.

ಕುಶಾಲನಗರ ಪಿ.ಟಿ. ಮೇಷ್ಟ್ರು:
ಸೋತ ಮೇಲೂ ಅವರನ್ನು ಆಡಿಸಿದರು. ನಾನು ಹೇಳುವುದೂ ಅದನ್ನೇ.

ನಾಪೋಕ್ಲು ಹಳಬ:
ಕಪ್ ಬಗ್ಗೆ ಹಾಗೆ ಮಾತಾಡಬೇಡಿ. ಆ ಮೈದಾನದಲ್ಲಿ ಬಂದು ಕುಳಿತು ನೋಡಲು ಯಾರಿಗೂ ಬೇಡ ಅಂದಿಲ್ಲ.

ಕುಶಾಲನಗರ ಪಿ.ಟಿ. ಮೇಷ್ಟ್ರು:
ನೋಡುವುದಕ್ಕೆ ಅಲ್ಲ ಸ್ವಾಮಿ, ಆಡುವುದಕ್ಕೆ ಕೇಳಿದ್ದು. ಇರಲಿ. ವಿರಾಜಪೇಟೆಯ ಅಮ್ಮ, ಆ ಕಿಟ್ ಕೊಡುತ್ತೀರಾ? ನಮ್ಮ ಕೀಪರ್ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ನಿಲ್ಲುತ್ತಾನೆ. ದುಡ್ಡು ಕಂತಿನಲ್ಲಿ ಕೊಡುತ್ತೇವೆ.

ಕೀಪರ್ ಅಮ್ಮ, ವಿರಾಜಪೇಟೆ:
ದುಡ್ಡಿನ ಮಾತಲ್ಲ. ಮಗಳನ್ನು ಕೇಳದೆ ಕೊಡಲಾರೆ. ಶನಿವಾರ ಬರುತ್ತಾಳೆ.