ಪಕ್ಕದಲ್ಲಿ ನಿಂತಿದ್ದ ಪೊಲೀಸರಿಗೂ ಜೈಲು ಯಾಕೆ?

ಪ್ರಶ್ನೆ: ಸರ್, ನೀವು ಪೊಲೀಸರಿಗೆ ತರಬೇತಿ ಕೊಟ್ಟವರು ಅಂತ ಕೇಳ್ತಿದ್ದೇನೆ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿಯ ಕುತ್ತಿಗೆ ಮೇಲೆ ಮೊಣಕಾಲೂರಿ ಸಾಯಿಸಿದ್ದು ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್. ಆದರೆ ಜೊತೆಗಿದ್ದ ಮೂವರೂ ಜೈಲಿಗೆ ಹೋದರು. ಅವರಲ್ಲಿ ಇಬ್ಬರು ಹೊಸಬರು. ಸೀನಿಯರ್ ಕೈ ಹಿಡಿದು ಎಳೆಯೋಕಾಗುತ್ತಾ?

ಉತ್ತರ: ಎಳೆಯಬೇಕಿತ್ತು. ತಡೆಯಲೇಬೇಕು ಅಂತ ಅಲ್ಲಿನ ಇಲಾಖೆ 2016ರಲ್ಲೇ ನಿಯಮ ಬರೆದಿತ್ತು. ಕೋರ್ಟು ನೋಡುವುದು ಮುಖ್ಯವಾಗಿ ಎರಡು ವಿಷಯ: ಅತಿಯಾಗ್ತಿದೆ ಅಂತ ನಿನಗೆ ಗೊತ್ತಿತ್ತಾ, ತಡೆಯೋಕೆ ಸಮಯ ಇತ್ತಾ? ಒಂದೇ ಏಟು ಬಿದ್ದು ಮುಗಿದಿದ್ದರೆ ಮಾತು ಬೇರೆ. ಇಲ್ಲಿ 9 ನಿಮಿಷಕ್ಕೂ ಜಾಸ್ತಿ ಹಿಡಿದಿದ್ದಾರೆ.

ನನ್ನನ್ನು ಕಾಡುವುದು ಫ್ಲಾಯ್ಡ್ ಕಾಲನ್ನು ಅದುಮಿ ಹಿಡಿದಿದ್ದ ಹೊಸಬ, ಥಾಮಸ್ ಲೇನ್. "ಮಗ್ಗುಲಿಗೆ ತಿರುಗಿಸೋಣವಾ?" ಅಂತ ಕೇಳಿದರು. ಬೇಡ ಅಂದರು ಶೋವಿನ್. ಮತ್ತೆ ಕೇಳಿದರು. ಇನ್ನೊಬ್ಬ ಹೊಸಬರು ನಾಡಿ ಹಿಡಿದು ನೋಡಿ, ಸಿಗ್ತಿಲ್ಲ ಅಂದರು. ಆಮೇಲೂ ಮೊಣಕಾಲು ಏಳಲಿಲ್ಲ. ಆ ಇನ್ನೊಬ್ಬರಿಗೆ ಕೆಲಸ ಕಲಿಸಿದ್ದೇ ಶೋವಿನ್! ಗುರುವಿಗೆ ಎದುರು ಹೇಳೋದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ "ತಿರುಗಿಸೋಣವಾ?" ಅಂದರೆ ಅನುಮತಿ ಕೇಳಿದ ಹಾಗೆ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಲೇನ್ ಮೇಲೆ ತಡೆಯಲಿಲ್ಲ ಅನ್ನುವ ಫೆಡರಲ್ (ಕೇಂದ್ರ ಸರ್ಕಾರದ) ಆರೋಪ ಹಾಕಲಿಲ್ಲ. ಚಿಕಿತ್ಸೆಗೆ ನೆರವಾಗಲಿಲ್ಲ ಅಂತ ಎರಡೂವರೆ ವರ್ಷ ಜೈಲು ಆಯಿತು.

ತರಬೇತಿಯಲ್ಲಿ ನಾವು ಮಾತನ್ನೇ ಬದಲಿಸಿ ಬಾಯಿಪಾಠ ಮಾಡಿಸುತ್ತೇವೆ. ಭುಜದ ಮೇಲೆ ಕೈ ಇಟ್ಟು, "ಸಾರ್, ನಾನು ಹಿಡ್ಕೊಂಡೆ, ನೀವು ಏಳಿ." ಇದರಲ್ಲಿ ಪ್ರಶ್ನೆ ಇಲ್ಲ. ಸೀನಿಯರ್ ಮರ್ಯಾದೆಯೂ ಹೋಗಲ್ಲ. ಕೋಪ ನೆತ್ತಿಗೇರಿದವನಿಗೆ ಎದ್ದು ಹೋಗಲು ಒಂದು ನೆಪ ಬೇಕು, ಅಷ್ಟೇ. ಅದಕ್ಕೂ ಬಗ್ಗದಿದ್ದರೆ ಹಿಡಿದೆಳೆಯೋದೇ.

ಮರುಪ್ರಶ್ನೆ: ಎಳೆದವನ ಕೆಲಸ ಹೋದರೆ ಸರ್?

ಉತ್ತರ: ಹೋಗಿದ್ದೂ ಇದೆ, ಸುಳ್ಳು ಹೇಳಲ್ಲ. ಅಮೆರಿಕದ್ದೇ ಬಫಲೋ ನಗರದ ಮಹಿಳಾ ಪೊಲೀಸ್ ಕ್ಯಾರಿಯಲ್ ಹಾರ್ನ್ 2006ರಲ್ಲಿ, ಆರೋಪಿಯ ಕುತ್ತಿಗೆ ಅಮುಕುತ್ತಿದ್ದ ಸಹೋದ್ಯೋಗಿಯನ್ನು ತಡೆದರು. 2008ರಲ್ಲಿ ಅವರನ್ನೇ ಕೆಲಸದಿಂದ ತೆಗೆದರು. ಪಿಂಚಣಿಗೆ ಇನ್ನು ಸ್ವಲ್ಪವೇ ಸರ್ವಿಸ್ ಬಾಕಿ ಇತ್ತು. 2020ರಲ್ಲಿ ಅದೇ ನಗರ ಅವರ ಹೆಸರಲ್ಲಿ, ತಡೆಯುವುದು ಕಡ್ಡಾಯ ಅಂತ ಕಾನೂನು ಮಾಡಿತು. 2021ರಲ್ಲಿ ಕೋರ್ಟು ವಜಾ ಆದೇಶ ರದ್ದು ಮಾಡಿ ಪಿಂಚಣಿ ಕೊಡಿಸಿತು. ತಡೆದ ದಿನದಿಂದ ಎಣಿಸಿದರೆ ಹದಿನಾಲ್ಕು ವರ್ಷಕ್ಕೂ ಜಾಸ್ತಿ. ಹಾಗಾಗಿ ತರಬೇತಿಗೆ ಕರೆದವರನ್ನು ನಾನು ಮೊದಲು ಕೇಳುವುದು, ತಡೆದವನಿಗೆ ನಿಮ್ಮಲ್ಲಿ ರಕ್ಷಣೆ ಏನಿದೆ ಅಂತ. ಸಾಮಾನ್ಯವಾಗಿ ಮುಖ ಮುಖ ನೋಡ್ಕೋತಾರೆ.